ಹಳೇ ಲಾರಿ: ಬ್ಯಾಟರಿ ಹೊಸದು, ಚಾರ್ಜ್ ಮಾತ್ರ ಏರಲ್ಲ

ಎರಡೂ ಬ್ಯಾಟರಿ ಹೊಸದು, ಆದ್ರೂ ಬೆಳಿಗ್ಗೆ ಸೆಲ್ಫ್ ಎತ್ತಲ್ಲ ಅಂದಿರಲ್ಲ, ಬಹುಶಃ ಅರ್ಥಿಂಗ್, ಅಂದ್ರೆ ಬ್ಯಾಟರಿ ಮೈನಸ್‌ನಿಂದ ಗಾಡಿ ಮೈಗೆ ಹೋಗೋ ಜೋಡಣೆ, ಕೈಕೊಟ್ಟಿದೆ. ಬ್ಯಾಟರಿ ಚಾರ್ಜ್ ಮಾಡೋ ಆಲ್ಟರ್ನೇಟರ್ ಈಗಲೇ ಬಿಚ್ಚಿಸಬೇಡಿ. ಮೊದಲು ಅದರ ಬೆಲ್ಟ್ ಸಡಿಲ ಇದೆಯಾ ನೋಡಿ. ಆಮೇಲೆ ಸ್ಟಾರ್ಟ್ ಮಾಡಿ, ಸ್ವಲ್ಪ ರೇಸ್ ಕೊಟ್ಟು ಎರಡೂ ಬ್ಯಾಟರಿಯ ಒಟ್ಟು ವೋಲ್ಟೇಜ್ ಅಳೆಯಿರಿ. 24 ವೋಲ್ಟ್ ಗಾಡಿಗೆ 28ರ ಆಸುಪಾಸು ಬರಬೇಕು. 25ರಲ್ಲೇ ನಿಂತರೆ ಹೆಡ್‌ಲೈಟ್ ಹಾಕಿ, ಮೀಟರಿನ ಒಂದು ಕಡ್ಡಿ ಬ್ಯಾಟರಿ ಮೈನಸ್‌ಗೆ, ಇನ್ನೊಂದು ಆಲ್ಟರ್ನೇಟರ್ ಮೈಗೆ ಹಿಡಿಯಿರಿ. ಅರ್ಧ ವೋಲ್ಟ್ ದಾಟಿದರೆ ಕಳ್ಳ ಸಿಕ್ಕ: ಅರ್ಥ್ ಪಟ್ಟಿ. ನನ್ನ ಗಾಡೀಲಿ ಮೇಲೆ ಪೇಂಟ್ ಪಳಪಳ, ಬೋಲ್ಟ್ ಬಿಚ್ಚಿದ್ರೆ ಅಡಿಯಲ್ಲಿ ಬರೀ ಹಸಿರು ಪುಡಿ. ಎಂಜಿನ್ ಆಫ್ ಮಾಡಿ, ಲೋಹ ಹೊಳೆಯೋ ತನಕ ಉಜ್ಜಿ ಬಿಗಿಯಿರಿ. ಮತ್ತೆ ಸ್ಟಾರ್ಟ್ ಮಾಡಿ ಪ್ಲಸ್ ಕಡೆಯೂ ಹಾಗೇ ಅಳೆಯಿರಿ: ಒಂದು ಕಡ್ಡಿ ಬ್ಯಾಟರಿ ಪ್ಲಸ್‌ಗೆ, ಇನ್ನೊಂದು ಆಲ್ಟರ್ನೇಟರಿನ ದಪ್ಪ ವೈರ್ ಕೂರೋ ಬೋಲ್ಟ್‌ಗೆ. ಎರಡೂ ಕಡೆ ಸರಿಯಿದ್ದೂ ಚಾರ್ಜ್ ಏರದಿದ್ದರೆ ಆಲ್ಟರ್ನೇಟರಿನ ಬ್ರಷ್ಷೋ, ರೆಗ್ಯುಲೇಟರೋ, ಡಯೋಡೋ. ಯಾವುದು ಅಂತ ಬಿಚ್ಚಿ ನೋಡದೆ ಹೇಳೋಕಾಗಲ್ಲ, ಆಗ ಆಟೋ ಎಲೆಕ್ಟ್ರಿಷಿಯನ್ ಹತ್ರ ಒಯ್ಯಿರಿ.