ತಂಡ ನಿಧಾನ ಅನ್ನುತ್ತೆ, ಗ್ರಾಫ್ ಬೇಗ ಅನ್ನುತ್ತೆ

ಈ ಸಲ ಬಂದ ಪತ್ರಗಳಲ್ಲಿ ಆರು ಒಂದೇ ವಿಷಯದ್ದು, ಆರೂ ಉತ್ತರ ಕನ್ನಡದಿಂದ. ಊರಿಗೆ ಬಂದು ಮನೆಯಿಂದಲೇ ಸಾಫ್ಟ್‌ವೇರ್ ಕೆಲಸ ಮಾಡುವವರು ಅಲ್ಲಿ ಈಗ ಬೇಕಾದಷ್ಟು ಜನ ಇದ್ದಾರೆ. ನಾವು ಬರೆದ ಕೋಡ್ ಕಂಪೈಲ್ ಆಗಿ, ಟೆಸ್ಟ್ ಮುಗಿದು, ಬಳಕೆದಾರರ ಕಡೆ ಹೋಗಲು ತಯಾರಾಗುವ ತನಕ ಸಾಲಾಗಿ ನಡೆಯುವ ಕೆಲಸಕ್ಕೆ ಬಿಲ್ಡ್ ಪೈಪ್‌ಲೈನ್ ಅನ್ನುತ್ತಾರೆ, ಅದು ಒಂದು ಸಲ ಓಡಿದರೆ ಒಂದು ಬಿಲ್ಡ್. ಅದಕ್ಕೆ ಎಷ್ಟು ಹೊತ್ತು ಹಿಡಿಯುತ್ತದೆ, ತಿಂಗಳು ಕಳೆದ ಹಾಗೆ ಅದು ಹೇಗೆ ಬದಲಾಗುತ್ತದೆ, ಅದನ್ನು ನಾಲ್ಕು ಜನಕ್ಕೆ ಹೇಗೆ ತೋರಿಸುವುದು ಅನ್ನುವುದೇ ಎಲ್ಲರ ಪ್ರಶ್ನೆ.

ಪ್ರಶ್ನೆ: ನಮ್ಮ ತಂಡದ ಬಿಲ್ಡ್ ಸಮಯದ ವರದಿ ಪ್ರತಿ ತಿಂಗಳು ನಾನೇ ಮಾಡುವುದು. ಸರಾಸರಿ 14 ನಿಮಿಷದಿಂದ ಹತ್ತೂವರೆಗೆ ಇಳಿದಿದೆ ಅಂತ ಗ್ರಾಫ್ ತೋರಿಸುತ್ತಿದೆ. ತಂಡದವರು ಮಾತ್ರ ಬಿಲ್ಡ್ ಮೊದಲಿಗಿಂತ ನಿಧಾನ ಆಗಿದೆ ಅಂತ ದಿನಾ ಹೇಳುತ್ತಿದ್ದಾರೆ. ಯಾರನ್ನು ನಂಬಲಿ? (ಶಿರಸಿ)

ತಂಡದವರನ್ನು ನಂಬಿ. ದಿನಾ ಕಾಯುವವರು ಅವರು.

ಹೀಗೆ ಆಗಿರಬಹುದು ನೋಡಿ. ಒಂದು ದಿನ ಹತ್ತು ಬಿಲ್ಡ್ ಓಡಿತು ಅಂದುಕೊಳ್ಳಿ. ಅದರಲ್ಲಿ ಆರು ಪಾಸ್ ಆದವು, ಒಂದೊಂದಕ್ಕೆ 16 ನಿಮಿಷ. ಉಳಿದ ನಾಲ್ಕು ಶುರುವಿನಲ್ಲೇ ಫೇಲ್ ಆದವು, ಒಂದೊಂದು 2 ನಿಮಿಷಕ್ಕೆ ನಿಂತಿತು. 96 ಮತ್ತು 8 ಕೂಡಿಸಿದರೆ 104, ಹತ್ತರಿಂದ ಭಾಗಿಸಿದರೆ 10.4. ನಿಮ್ಮ ಹತ್ತೂವರೆ ಬಂತಲ್ವಾ? ಮೊದಲು ಫೇಲ್ ಆಗುವುದು ಅಪರೂಪ ಆಗಿತ್ತು ಅಂದುಕೊಂಡರೆ, ಪಾಸ್ ಆಗುವ ಬಿಲ್ಡ್ 14ರಿಂದ 16ಕ್ಕೆ ಏರಿದೆ, ಫೇಲ್ ಆಗುವುದೂ ಜಾಸ್ತಿಯಾಗಿದೆ, ಅಂದರೆ ಎರಡೂ ಕಡೆ ಕೆಟ್ಟಿದೆ. ಆದರೆ ಸರಾಸರಿ ಮಾತ್ರ ಚೆನ್ನಾಗಿ ಕಾಣುತ್ತಿದೆ. ನಾನು ಹಿಂದೆ ಇದ್ದ ಒಂದು ಕಡೆ ಇದೇ ತಪ್ಪು ವರದಿಯನ್ನು ಆರು ತಿಂಗಳು ಕಳಿಸಿದ್ದೇನೆ, ಎಲ್ಲರೂ ಒಳ್ಳೆಯದಾಯಿತು ಅಂದರು, ಆ ಆರು ತಿಂಗಳಲ್ಲಿ ಹುಡುಗರು ಪಟ್ಟ ಕಷ್ಟ ನೆನೆದರೆ ಇವತ್ತಿಗೂ ಬೇಜಾರಾಗುತ್ತದೆ.

ಹಾಗಾಗಿ ಮೊದಲ ಕೆಲಸ, ಪಾಸ್ ಮತ್ತು ಫೇಲ್ ಬೇರೆ ಮಾಡಿ. ಸಮಯದ ಗ್ರಾಫ್‌ಗೆ ಪಾಸ್ ಆದವು ಮಾತ್ರ ಸಾಕು. ಫೇಲ್ ಆದದ್ದು ನೂರಕ್ಕೆ ಎಷ್ಟು ಅನ್ನುವುದನ್ನು ಕೆಳಗೆ ಇನ್ನೊಂದು ಗೆರೆಯಲ್ಲಿ ಹಾಕಿ. ಯಾರೋ ಮಧ್ಯದಲ್ಲಿ ನಿಲ್ಲಿಸಿದ ಬಿಲ್ಡ್ ಇದ್ದರೆ ಅದನ್ನು ತೆಗೆದುಬಿಡಿ. ಮುಖ್ಯ ಬ್ರಾಂಚ್‌ನ (ತಂಡದ ಎಲ್ಲರ ಕೋಡ್ ಬಂದು ಸೇರುವ ಪ್ರತಿಯ) ಬಿಲ್ಡ್ ಮತ್ತು ಒಬ್ಬೊಬ್ಬರು ತಮ್ಮ ಬ್ರಾಂಚ್‌ನಲ್ಲಿ ಓಡಿಸುವ ಬಿಲ್ಡ್ ಕೂಡ ಒಂದೇ ರಾಶಿಗೆ ಹಾಕಬೇಡಿ, ಎರಡರಲ್ಲಿ ಓಡುವ ಕೆಲಸವೇ ಬೇರೆ ಇರುತ್ತದೆ.

ಆಮೇಲೆ ಸರಾಸರಿ ಬಿಡಿ. ಎಲ್ಲ ಸಮಯವನ್ನೂ ಸಣ್ಣದರಿಂದ ದೊಡ್ಡದಕ್ಕೆ ಸಾಲಾಗಿ ಇಟ್ಟು ನಟ್ಟನಡುವಿನದನ್ನು ತೆಗೆದುಕೊಳ್ಳಿ, ಅದು ಮೀಡಿಯನ್. ನೂರು ಬಿಲ್ಡ್ ಇದ್ದರೆ 95ನೆಯದನ್ನೂ ತೆಗೆದುಕೊಳ್ಳಿ, ಅದು 95ನೇ ಪರ್ಸೆಂಟೈಲ್. ಎರಡು ಯಾಕೆ ಬೇಕು ಅಂದರೆ, ನೀವು ಶಿರಸಿಯಿಂದ ಕುಮಟಾಕ್ಕೆ ರೈಲು ಹಿಡಿಯಲು ಹೊರಟಿದ್ದೀರಿ ಅಂತ ಇಟ್ಟುಕೊಳ್ಳಿ. ಬಸ್ಸು ಮಾಮೂಲಿ ದಿನ ಎಷ್ಟು ಹೊತ್ತಿಗೆ ಮುಟ್ಟುತ್ತದೆ ಅಂತ ನಿಮಗೆ ಗೊತ್ತು. ಆದರೆ ಮಳೆಗಾಲದಲ್ಲಿ ಹೊರಡುವಾಗ ಲೆಕ್ಕ ಹಾಕುವುದು ಅದನ್ನಲ್ಲ, ದೇವಿಮನೆ ಘಟ್ಟದಲ್ಲಿ ಲಾರಿ ಕೆಟ್ಟು ನಿಂತರೆ ಏನು ಗತಿ ಅನ್ನುವುದನ್ನು. ಮೀಡಿಯನ್ ಅಂದರೆ ಮಾಮೂಲಿ ದಿನ. 95 ಅಂದರೆ ಘಟ್ಟ ಕೈಕೊಟ್ಟ ದಿನ. ತಂಡದವರ ನೆನಪಿನಲ್ಲಿ ಉಳಿಯುವುದು ಎರಡನೆಯದೇ.

ಇದರಲ್ಲಿ ಒಂದು ಎಚ್ಚರಿಕೆ ಬೇಕು. ವಾರಕ್ಕೆ 20 ಬಿಲ್ಡ್ ಮಾತ್ರ ಇದ್ದರೆ 95 ಅಂದರೆ 19ನೆಯದು. ಎರಡು ಬಿಲ್ಡ್ ಕೆಟ್ಟರೂ ಗೆರೆ ಆಕಾಶಕ್ಕೆ ಹಾರುತ್ತದೆ. ಅಂಥ ಸಣ್ಣ ತಂಡವಾದರೆ ಹಿಂದಿನ ನಾಲ್ಕು ವಾರದ ಬಿಲ್ಡ್ ಎಲ್ಲ ಸೇರಿಸಿ ಲೆಕ್ಕ ಹಾಕಿ, ಪ್ರತಿ ವಾರ ಒಂದು ವಾರ ಮುಂದೆ ಸರಿಸುತ್ತಾ ಹೋಗಿ. ಪ್ರತಿ ಚುಕ್ಕಿಯ ಹತ್ತಿರ ಎಷ್ಟು ಬಿಲ್ಡ್ ಅಂತ ಸಣ್ಣದಾಗಿ ಬರೆದರೆ ಇನ್ನೂ ಒಳ್ಳೆಯದು. ದೀಪಾವಳಿ ವಾರದಲ್ಲಿ ಮೂರೇ ಬಿಲ್ಡ್ ಓಡಿ ಗೆರೆ ಇಳಿದರೆ ಅದನ್ನು ನೋಡಿ ಯಾರೂ ಖುಷಿ ಪಡಬಾರದು.

ಪ್ರಶ್ನೆ: ಬಿಲ್ಡ್ ಓಡಿಸುವ ಉಪಕರಣವನ್ನು ಜೆಂಕಿನ್ಸ್‌ನಿಂದ ಗಿಟ್‌ಲ್ಯಾಬ್‌ಗೆ ಬದಲಾಯಿಸಿದೆವು. ಮಾರನೇ ವಾರವೇ ಬಿಲ್ಡ್ ಸಮಯ ಸುಮಾರು ಅರ್ಧಕ್ಕೆ ಇಳಿಯಿತು. ಮೇಲಿನವರು ಖುಷಿಯಾಗಿದ್ದಾರೆ. ಆದರೆ ನಾನು ಕೋಡ್ ಕಳಿಸಿ ಕಾಯುವ ಹೊತ್ತು ಹೆಚ್ಚು ಕಮ್ಮಿ ಅಷ್ಟೇ ಇದೆ. ನನ್ನ ಭ್ರಮೆಯೇ? (ಕುಮಟಾ)

ಭ್ರಮೆ ಅಲ್ಲ. ಎರಡೂ ಕಡೆ ‘ಡ್ಯುರೇಷನ್’ ಅಂತಲೇ ಬರೆದಿರುತ್ತದೆ, ಆದರೆ ಎರಡೂ ಅಳೆಯುವುದು ಒಂದನ್ನೇ ಅಲ್ಲ.

ಜೆಂಕಿನ್ಸ್‌ನ ಪೈಪ್‌ಲೈನ್ ಜಾಬ್ ಮೊದಲು ಶುರುವಾಗುತ್ತದೆ, ಆಮೇಲೆ ಕೆಲಸ ಮಾಡಲು ಖಾಲಿ ಯಂತ್ರ ಹುಡುಕುತ್ತದೆ. ಯಂತ್ರ ಸಿಗುವ ತನಕ ಕಾದ ಹೊತ್ತೂ ಒಟ್ಟು ಸಮಯಕ್ಕೆ ಸೇರುತ್ತದೆ. ಗಿಟ್‌ಲ್ಯಾಬ್ ಹಾಗಲ್ಲ. ಜಾಬ್‌ಗಳು (ಪೈಪ್‌ಲೈನ್‌ನ ಒಂದೊಂದು ಕೆಲಸ) ನಿಜವಾಗಿ ಓಡಿದ ಹೊತ್ತನ್ನು ಮಾತ್ರ ಅದು ಪೈಪ್‌ಲೈನ್ ಸಮಯ ಅಂತ ಹಿಡಿಯುತ್ತದೆ, ರನ್ನರ್‌ಗಾಗಿ, ಅಂದರೆ ಜಾಬ್ ಓಡಿಸುವ ಯಂತ್ರಕ್ಕಾಗಿ, ಕಾದದ್ದನ್ನು ಬಿಡುತ್ತದೆ. ಅದನ್ನು ನೋಡಬೇಕಾದರೆ ಸರದಿಯಲ್ಲಿ ಕಾದ ಹೊತ್ತು ಅಂತ ಬೇರೆಯೇ ಒಂದು ಅಂಕಿ ಇದೆ. ಇನ್ನೂ ಒಂದು ವಿಷಯ ಇದೆ, ಇದು ತುಂಬ ಜನಕ್ಕೆ ಗೊತ್ತಿಲ್ಲ. ಒಂದು ಟೆಸ್ಟ್ ಜಾಬ್ ಸುಮ್ನೆ ಫೇಲ್ ಆಗಿ, ನೀವು ಮತ್ತೆ ಓಡಿಸಿ, ಎರಡನೇ ಸಲ ಪಾಸ್ ಆಯಿತು ಅಂದುಕೊಳ್ಳಿ. ಆ ಮೊದಲ ಓಟದ ಹೊತ್ತು ಗಿಟ್‌ಲ್ಯಾಬ್ ಲೆಕ್ಕಕ್ಕೆ ಬರುವುದಿಲ್ಲ. ನಿಮ್ಮ ಅರ್ಧ ಗಂಟೆ ಹೋಯಿತು, ಗ್ರಾಫ್‌ನಲ್ಲಿ ಹದಿನೈದೇ ನಿಮಿಷ.

ಇದು ಯಾವ ಉಪಕರಣದ ತಪ್ಪೂ ಅಲ್ಲ. ಯಂತ್ರ ಎಷ್ಟು ದುಡಿಯಿತು ಅಂತ ತಿಳಿಯಬೇಕಾದರೆ ಗಿಟ್‌ಲ್ಯಾಬ್ ಲೆಕ್ಕ ಸರಿ. ಮನುಷ್ಯ ಎಷ್ಟು ಕಾದ ಅಂತ ತಿಳಿಯಬೇಕಾದರೆ ಅದು ಸಾಲದು. ನೀವು ಹೀಗೆ ಮಾಡಿ: ಕೋಡ್ ಕಳಿಸಿದ ಗಳಿಗೆ ಮತ್ತು ಕೊನೆಯ ಜಾಬ್ ಮುಗಿದ ಗಳಿಗೆ, ಇವೆರಡರ ವ್ಯತ್ಯಾಸ ತೆಗೆದುಕೊಳ್ಳಿ. ಯಾವ ಉಪಕರಣ ಬದಲಾದರೂ ಈ ಅಂಕಿಯ ಅರ್ಥ ಬದಲಾಗುವುದಿಲ್ಲ. ಅದನ್ನು ಎರಡು ಬಣ್ಣದಲ್ಲಿ ತೋರಿಸಿ, ಕಾದದ್ದು ಒಂದು, ಓಡಿದ್ದು ಒಂದು. ಕಾದದ್ದು ಜಾಸ್ತಿ ಇದ್ದರೆ ಇನ್ನೊಂದು ರನ್ನರ್ ಹಾಕಬೇಕು. ಓಡಿದ್ದು ಜಾಸ್ತಿ ಇದ್ದರೆ ಕೋಡ್ ಮತ್ತು ಟೆಸ್ಟ್ ಕಡೆ ನೋಡಬೇಕು. ಬಸ್ ಸ್ಟ್ಯಾಂಡಿನಲ್ಲಿ ಒಂದು ಗಂಟೆ ಕೂರಿಸಿ, ಬಸ್ಸು ಮಾತ್ರ ಬೇಗ ಹೋಯಿತು ಅಂದರೆ ಯಾರು ಒಪ್ಪುತ್ತಾರೆ?

ಬದಲಾಯಿಸಿದ ವಾರದಲ್ಲಿ ಗ್ರಾಫ್ ಮೇಲೆ ಒಂದು ನೇರ ಗೆರೆ ಎಳೆದು ‘ಇಲ್ಲಿಂದ ಅಳತೆ ಬೇರೆ’ ಅಂತ ಬರೆಯಿರಿ. ಮೇಲಿನವರಿಗೆ ಇದನ್ನು ಹೇಳಲು ಮುಜುಗರ ಆಗಬಹುದು. ಆದರೂ ಈಗಲೇ ಹೇಳಿ.

ಪ್ರಶ್ನೆ: ಹೋದ ವರ್ಷ ಬಿಲ್ಡ್ ಎಷ್ಟು ಹೊತ್ತು ಹಿಡಿಯುತ್ತಿತ್ತು ಅಂತ ನೋಡಲು ಹೋದರೆ ಹಳೆಯದೇನೂ ಉಳಿದಿಲ್ಲ. ಒಂದು ವರ್ಷದ ವರದಿ ಕೇಳಿದ್ದಾರೆ. ಏನು ಮಾಡಲಿ? (ಸಿದ್ದಾಪುರ)

ಹೋದದ್ದು ಹೋಯಿತು, ಅದಕ್ಕೆ ದಾರಿ ಇಲ್ಲ. ಜೆಂಕಿನ್ಸ್‌ನಲ್ಲಿ ಡಿಸ್ಕ್ ತುಂಬಬಾರದು ಅಂತ ಹಳೇ ಬಿಲ್ಡ್ ಅಳಿಸುವ ಸೆಟ್ಟಿಂಗ್ ಹಾಕಿರುತ್ತಾರೆ, ಲಾಗ್ (ಬಿಲ್ಡ್ ನಡೆದ ದಾಖಲೆ) ಜೊತೆ ಸಮಯದ ಲೆಕ್ಕವೂ ಹೋಗುತ್ತದೆ. ಗಿಟ್‌ಹಬ್ ಆಕ್ಷನ್ಸ್ ಅನ್ನುವ ಇಂಥದೇ ಉಪಕರಣದಲ್ಲಿ ಯಾರೂ ಬದಲಾಯಿಸದಿದ್ದರೆ ಲಾಗ್‌ಗಳು ಉಳಿಯುವುದು 90 ದಿನ. ಹಾಗಾಗಿ ಲೆಕ್ಕವನ್ನು ಬೇರೆ ಕಡೆ ನೀವೇ ಬರೆದಿಡಬೇಕು.

ನಿಮ್ಮ ಪತ್ರದಲ್ಲಿ ಒಂದು ಮಾತು ಬರೆದಿದ್ದೀರಿ, ಅಪ್ಪಯ್ಯ ವರ್ಷಗಟ್ಟಲೆಯಿಂದ ಮಳೆ ಲೆಕ್ಕ ಬರೆದಿಡುತ್ತಾರೆ ಅಂತ. ನನಗೆ ಅದನ್ನು ಓದಿ ತುಂಬ ಖುಷಿಯಾಯಿತು. ಆ ಡೈರಿಯನ್ನೇ ಮಾದರಿಯಾಗಿ ಇಟ್ಟುಕೊಳ್ಳಿ. ಅದರಲ್ಲಿ ತಾರೀಖು ಇರುತ್ತದೆ, ಎಷ್ಟು ಮಿಲಿಮೀಟರ್ ಅಂತ ಇರುತ್ತದೆ, ಪಕ್ಕದಲ್ಲಿ ಎರಡು ಮಾತು ಇರುತ್ತದೆ. ಗಾಳಿ ಜೋರು, ಎರಡು ಮರ ಬಿತ್ತು. ಇವತ್ತು ಕೊಳೆಗೆ ಔಷಧಿ ಹೊಡೆದದ್ದು. ಆ ಎರಡು ಮಾತು ಇಲ್ಲದಿದ್ದರೆ ಐದು ವರ್ಷದ ಮೇಲೆ ಬರೀ ಅಂಕಿ ನೋಡಿ ಆ ವರ್ಷ ಅಡಿಕೆ ಯಾಕೆ ಉದುರಿತು ಅಂತ ತಿಳಿಯುವುದಿಲ್ಲ.

ನಿಮ್ಮ ಲೆಕ್ಕವೂ ಹಾಗೇ ಇರಲಿ. ಪ್ರತಿ ಬಿಲ್ಡ್ ಮುಗಿದಾಗ ಒಂದು ಸಾಲು: ಶುರುವಾದ ಸಮಯ, ಕಾದ ಸೆಕೆಂಡ್, ಓಡಿದ ಸೆಕೆಂಡ್, ಪಾಸೋ ಫೇಲೋ, ಬ್ರಾಂಚ್, ಕಮಿಟ್ ನಂಬರ್ (ಕೋಡ್‌ನ ಯಾವ ಬದಲಾವಣೆ ಅನ್ನುವ ಗುರುತು), ಯಾವ ಯಂತ್ರ, ಹಂತಗಳಿಗೆ ಹಿಡಿದ ಹೊತ್ತು. ಇದಕ್ಕೆ ದೊಡ್ಡ ಡೇಟಾಬೇಸ್ ಬೇಡ. ಒಂದು ಸಿಎಸ್‌ವಿ ಫೈಲ್ (ಅಲ್ಪವಿರಾಮ ಹಾಕಿ ಬರೆದ ಸಾಲುಗಳು) ಅಥವಾ ಎಸ್‌ಕ್ಯುಲೈಟ್ (ಒಂದೇ ಫೈಲಿನ ಸಣ್ಣ ಡೇಟಾಬೇಸ್) ಸಾಕು, ದಿನಕ್ಕೆ 50 ಬಿಲ್ಡ್ ಇದ್ದರೂ ವರ್ಷಕ್ಕೆ 18,250 ಸಾಲು, ಇವತ್ತಿನ ಲ್ಯಾಪ್‌ಟಾಪ್‌ಗೆ ಅದು ಏನೇನೂ ಅಲ್ಲ. ಜೆಂಕಿನ್ಸ್ ಸಮಯವನ್ನು ಮಿಲಿಸೆಕೆಂಡ್‌ನಲ್ಲಿ ಕೊಡುತ್ತದೆ, ಸಾವಿರದಿಂದ ಭಾಗಿಸಲು ಮರೆಯಬೇಡಿ. ಜೊತೆಗೆ ಇನ್ನೊಂದು ಫೈಲ್ ಇಡಿ, ತಾರೀಖು ಮತ್ತು ಎರಡು ಮಾತು. ‘ರನ್ನರ್ ಯಂತ್ರ ಬದಲು.’ ‘ಹೊಸ ಟೆಸ್ಟ್ ಸೇರಿಸಿದ್ದು.’ ‘ಕ್ಯಾಶ್ (ಹಿಂದಿನ ಬಿಲ್ಡ್‌ನಿಂದ ಉಳಿಸಿಟ್ಟ ಫೈಲ್‌ಗಳು) ಕೆಟ್ಟಿತ್ತು.’ ಇವನ್ನು ಗ್ರಾಫ್ ಮೇಲೆ ಗುರುತು ಹಾಕಿದರೆ ಅರ್ಧ ಪ್ರಶ್ನೆಗೆ ಉತ್ತರ ಅಲ್ಲೇ ಸಿಗುತ್ತದೆ.

ದಿನ ಎಲ್ಲಿ ಶುರು ಅನ್ನುವುದನ್ನೂ ಗಟ್ಟಿ ಮಾಡಿಕೊಳ್ಳಿ. ಹವಾಮಾನ ಇಲಾಖೆಯ ಮಳೆ ದಿನ ಬೆಳಿಗ್ಗೆ 8:30ರಿಂದ ಮಾರನೇ ಬೆಳಿಗ್ಗೆ 8:30ರ ತನಕ. ಸರ್ವರ್‌ಗಳು ಸಾಮಾನ್ಯವಾಗಿ ಜಗತ್ತಿಗೆಲ್ಲ ಒಂದೇ ಆದ ಯುಟಿಸಿ ಸಮಯ ಬರೆಯುತ್ತವೆ, ಅಲ್ಲಿ ಹೊಸ ದಿನ ಹುಟ್ಟುವುದು ನಮ್ಮ ಬೆಳಿಗ್ಗೆ 5:30ಕ್ಕೆ. ರಾತ್ರಿ ಎರಡಕ್ಕೆ ಓಡುವ ದೊಡ್ಡ ಬಿಲ್ಡ್ ನಿಮ್ಮ ವರದಿಯಲ್ಲಿ ಹಿಂದಿನ ದಿನಕ್ಕೆ ಹೋಗಿ ಕೂರುತ್ತದೆ. ಯಾವುದಾದರೂ ಒಂದು ಹಿಡಿಯಿರಿ, ಆದರೆ ಮಧ್ಯದಲ್ಲಿ ಬದಲಾಯಿಸಬೇಡಿ.

ಪ್ರಶ್ನೆ: ನಮ್ಮದು ಸಣ್ಣ ಆಫೀಸು, ಬಿಲ್ಡ್ ಯಂತ್ರ ಇಲ್ಲೇ ಒಂದು ಕೋಣೆಯಲ್ಲಿದೆ. ಏಪ್ರಿಲ್, ಮೇ ತಿಂಗಳಲ್ಲಿ ಮಧ್ಯಾಹ್ನ ಬಿಲ್ಡ್ ನಿಧಾನ ಆಗುತ್ತದೆ. ಬಿಸಿಲಿಗೂ ಬಿಲ್ಡಿಗೂ ಸಂಬಂಧ ಇದೆಯೇ? (ಕಾರವಾರ)

ಇರಬಹುದು. ಪ್ರೊಸೆಸರ್ ತೀರಾ ಬಿಸಿಯಾದರೆ ತನ್ನನ್ನು ಉಳಿಸಿಕೊಳ್ಳಲು ತಾನೇ ವೇಗ ಇಳಿಸುತ್ತದೆ. ಕೋಣೆಯ ಗಾಳಿಯೇ ಬಿಸಿ ಇದ್ದರೆ, ಫ್ಯಾನ್‌ನಲ್ಲಿ ಧೂಳು ತುಂಬಿದ್ದರೆ, ಅದು ಬೇಗ ಆಗುತ್ತದೆ. ಆದರೆ ಮಧ್ಯಾಹ್ನ ಎಲ್ಲರೂ ಕೋಡ್ ಕಳಿಸುವ ಹೊತ್ತೂ ಹೌದು. ಹಾಗಾಗಿ ಪರೀಕ್ಷೆ ಮಾಡಿ ನೋಡಿ: ಒಂದೇ ಕಮಿಟ್, ಕ್ಯಾಶ್ ಇಲ್ಲದೆ, ಬೆಳಿಗ್ಗೆ ಆರಕ್ಕೆ ಒಂದು ಸಲ, ಮಧ್ಯಾಹ್ನ ಮೂರಕ್ಕೆ ಒಂದು ಸಲ, ಬೇರೆ ಯಾವ ಬಿಲ್ಡೂ ಓಡದ ಹಾಗೆ ನೋಡಿಕೊಂಡು ಐದು ದಿನ. ಪ್ರೊಸೆಸರ್ ಬಿಸಿ ಮತ್ತು ವೇಗ ಎರಡನ್ನೂ ಬರೆದುಕೊಳ್ಳಿ. ಐದೂ ದಿನ ಮಧ್ಯಾಹ್ನದ್ದು ನಿಧಾನ ಬಂದು, ವೇಗವೂ ಇಳಿದಿದ್ದರೆ ಬಿಸಿಯೇ ಕಾರಣ. ಮೊದಲು ಫ್ಯಾನ್ ಕ್ಲೀನ್ ಮಾಡಿಸಿ, ಎಸಿ ಮಾತು ಆಮೇಲೆ.

ಪ್ರಶ್ನೆ: ಬಿಲ್ಡ್ 10 ನಿಮಿಷದೊಳಗೆ ಮುಗಿಯಬೇಕು ಅಂತ ನಿಯಮ ಇದೆಯಂತೆ, ಹೌದಾ? (ಹೊನ್ನಾವರ, ವಿದ್ಯಾರ್ಥಿ)

ನಿಯಮ ಅಲ್ಲ, ಎಕ್ಸ್‌ಟ್ರೀಮ್ ಪ್ರೋಗ್ರಾಮಿಂಗ್ ಅನ್ನುವ ಪದ್ಧತಿಯಿಂದ ಬಂದ ಒಂದು ಗುರಿ. ಅದಕ್ಕಿಂತ ಜಾಸ್ತಿ ಆದರೆ ಜನ ಕಾಯದೆ ಬೇರೆ ಕೆಲಸಕ್ಕೆ ಹೋಗುತ್ತಾರೆ, ಬಿಲ್ಡ್ ಓಡಿಸುವುದನ್ನೇ ಕಡಿಮೆ ಮಾಡುತ್ತಾರೆ ಅನ್ನುವುದು ಅದರ ಹಿಂದಿನ ಯೋಚನೆ. ನನಗೆ ಅದು ಸರಿ ಅನ್ನಿಸುತ್ತದೆ.

ಪ್ರಶ್ನೆ: ಮ್ಯಾನೇಜರ್‌ಗೆ ಒಂದೇ ಅಂಕಿ ಬೇಕಂತೆ. ನಾವು ಲಿಂಟ್ ಹಂತವನ್ನು (ಕೋಡ್ ಓಡಿಸದೆಯೇ ತಪ್ಪು ಹುಡುಕುವುದು) 2 ನಿಮಿಷದಿಂದ 1ಕ್ಕೆ ಇಳಿಸಿದೆವು, ಅವರು ಕೇಳುವ ಅಂಕಿಯಲ್ಲಿ ಏನೂ ಬದಲಾಗಲಿಲ್ಲ. ಎರಡು ವಾರದ ಕೆಲಸ ವ್ಯರ್ಥ ಅಂದರು. (ಅಂಕೋಲಾ)

ನಿಮ್ಮ ಪತ್ರದ ಲೆಕ್ಕವನ್ನೇ ತೆಗೆದುಕೊಳ್ಳೋಣ. ಲಿಂಟ್ 2 ನಿಮಿಷ, ಯುನಿಟ್ ಟೆಸ್ಟ್ (ಕೋಡ್‌ನ ಒಂದೊಂದೇ ತುಣುಕಿನ ಪರೀಕ್ಷೆ) 6, ಇಂಟಿಗ್ರೇಷನ್ ಟೆಸ್ಟ್ (ತುಣುಕುಗಳು ಒಟ್ಟಿಗೆ ಕೆಲಸ ಮಾಡುತ್ತವೆಯೇ ಅನ್ನುವ ಪರೀಕ್ಷೆ) 11, ಮೂರೂ ಒಟ್ಟಿಗೆ ಓಡುತ್ತವೆ. ಮೂರೂ ಮುಗಿದ ಮೇಲೆ ಬಳಕೆದಾರರಿಗೆ ಕಳಿಸಲು ಕಟ್ಟಿಡುವ ಪ್ಯಾಕೇಜ್ ಹಂತ 3 ನಿಮಿಷ. ಕಾಯುವವರಿಗೆ ಇದು 11 ಮತ್ತು 3, ಅಂದರೆ 14 ನಿಮಿಷ. ಲಿಂಟ್ ಸೊನ್ನೆ ಮಾಡಿದರೂ 14 ನಿಮಿಷವೇ. ದಾರಿ ಹಿಡಿದು ನಿಂತಿರುವುದು ಇಂಟಿಗ್ರೇಷನ್ ಟೆಸ್ಟ್, ಅದನ್ನು ಎರಡು ಪಾಲು ಮಾಡಿ ಎರಡು ಯಂತ್ರದಲ್ಲಿ ಓಡಿಸಿದರೆ ಗಡಿಯಾರ ಇಳಿಯುತ್ತದೆ. ಯಾವ ಟೆಸ್ಟ್‌ಗೆ ಎಷ್ಟು ಸೆಕೆಂಡ್ ಅಂತ ಟೆಸ್ಟ್ ಓಡಿದಾಗ ಬರುವ ಜೆಯೂನಿಟ್ ಮಾದರಿಯ ಎಕ್ಸ್‌ಎಂಎಲ್ ವರದಿಯಲ್ಲೇ ಇರುತ್ತದೆ, ಅದನ್ನು ನೋಡಿ ಪಾಲು ಮಾಡಿ. ಆದರೆ ನಿಮ್ಮ ಕೆಲಸ ವ್ಯರ್ಥ ಅಲ್ಲ. ಯಂತ್ರ ದುಡಿದ ಒಟ್ಟು ಹೊತ್ತು 22ರಿಂದ 21 ನಿಮಿಷಕ್ಕೆ ಇಳಿದಿದೆ, ನಿಮಿಷದ ಲೆಕ್ಕದಲ್ಲಿ ಬಾಡಿಗೆ ಕೊಡುವ ಕಡೆ ಅದು ದುಡ್ಡು. ಇದನ್ನು ಅವರಿಗೆ ಹೇಳಿ.

ಒಂದೇ ಅಂಕಿ ಕೊಡಲೇಬೇಕಾದರೆ ಕೋಡ್ ಕಳಿಸಿದ್ದರಿಂದ ಮುಗಿಯುವ ತನಕದ ಮೀಡಿಯನ್ ಕೊಡಿ. ಅದರ ಪಕ್ಕದಲ್ಲಿ ಆರು ತಿಂಗಳ ಹಿಂದಿನ ಅದೇ ಅಂಕಿ ಇರಲಿ, ಹೋದ ವಾರದ್ದಲ್ಲ. ಬಿಲ್ಡ್ ಒಂದೇ ದಿನ ನಿಧಾನ ಆಗುವುದು ಕಡಿಮೆ. ವಾರಕ್ಕೆ 15 ಸೆಕೆಂಡ್ ಜಾಸ್ತಿ ಆದರೆ ಯಾರ ಗಮನಕ್ಕೂ ಬರುವುದಿಲ್ಲ, ವಾರದಿಂದ ವಾರಕ್ಕೆ ಹೋಲಿಸಿದರೆ ಗ್ರಾಫ್ ಚಪ್ಪಟೆ. 50 ವಾರಕ್ಕೆ ಅದು 750 ಸೆಕೆಂಡ್, ಹನ್ನೆರಡೂವರೆ ನಿಮಿಷ. ಪ್ರತಿ ಟೆಸ್ಟ್ ಸೇರಿಸಿದವರೂ ಒಳ್ಳೇ ಕೆಲಸವನ್ನೇ ಮಾಡಿರುತ್ತಾರೆ, ಯಾರನ್ನೂ ಬೈಯುವ ಹಾಗಿಲ್ಲ. ಗ್ರಾಫ್‌ನ ಎಡಗಡೆ ಅಳತೆ ಸೊನ್ನೆಯಿಂದ ಶುರುವಾಗಲಿ, ಇಲ್ಲದಿದ್ದರೆ ಸಣ್ಣ ಏರಿಕೆಯೂ ಗುಡ್ಡದ ಹಾಗೆ ಕಂಡು ಸುಮ್ಮನೆ ಗಾಬರಿ ಆಗುತ್ತದೆ.

ಇಂಟಿಗ್ರೇಷನ್ ಟೆಸ್ಟ್ ಪಾಲು ಮಾಡುವ ಮೊದಲಿನ ನಾಲ್ಕು ವಾರ, ಆಮೇಲಿನ ನಾಲ್ಕು ವಾರ, ಎರಡೂ ಲೆಕ್ಕ ಇಟ್ಟುಕೊಂಡು ನನಗೆ ಮತ್ತೆ ಬರೆಯಿರಿ. ಹಂತ ಹಂತದ ಸಮಯವೂ ಇರಲಿ, ನೋಡಿ ಹೇಳುತ್ತೇನೆ.