ಅಟ್ಟದಿಂದ ಇಳಿಸಿದ ಕಾಮಿಕ್ಸ್: ಓದುಗರ ಪ್ರಶ್ನೆ, ನಮ್ಮ ಉತ್ತರ

ಕೊಡಗಿನಿಂದ ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಹಳೆಯ ಕಾಮಿಕ್ಸ್, ಕಾರ್ಟೂನ್ ಮತ್ತು ವೈಜ್ಞಾನಿಕ ಕತೆಗಳ ಕುರಿತಾದವು. ಒಂದೇ ಬಗೆಯ ಪ್ರಶ್ನೆಗಳನ್ನು ಒಟ್ಟಿಗೆ ಸೇರಿಸಿ ಉತ್ತರಿಸಿದ್ದೇವೆ.

ಪ್ರಶ್ನೆ: ನಮ್ಮ ಓದುಗರ ಬಳಗಕ್ಕಾಗಿ ತಿಂಗಳಿಗೊಂದು ಹಳೆಯ ಫ್ಯಾಂಟಮ್ ಕಾಮಿಕ್ಸ್ ಬಗ್ಗೆ ವಿಮರ್ಶೆ ಬರೆಯುತ್ತೇನೆ. ‘ಬಾಲ್ಯ ನೆನಪಾಯಿತು’ ಅನ್ನುವುದನ್ನು ಬಿಟ್ಟು ಬೇರೇನೂ ಹೊಳೆಯುವುದಿಲ್ಲ. ಎಲ್ಲಿಂದ ಶುರು ಮಾಡಲಿ?
– ವಿರಾಜಪೇಟೆಯಿಂದ

ಉತ್ತರ: ಕೈಯಲ್ಲಿರುವ ಪ್ರತಿಯಿಂದಲೇ ಶುರು ಮಾಡಿ. ಕಾಡಿನಲ್ಲಿ ನೆಲೆಸಿದ ಮುಸುಕುಧಾರಿ ವೀರ ಫ್ಯಾಂಟಮ್ ನಮ್ಮಲ್ಲಿ ಮನೆಮಾತಾದದ್ದು ಇಂದ್ರಜಾಲ್ ಕಾಮಿಕ್ಸ್‌ನಿಂದ. ಅದು 1964ರ ಮಾರ್ಚ್‌ನಲ್ಲಿ ಆರಂಭವಾಗಿ 1990ರಲ್ಲಿ ನಿಂತಿತು. ಆದರೆ ಈ ಕತೆಗಳು ಹುಟ್ಟಿದ್ದು ಪುಸ್ತಕಕ್ಕಾಗಿ ಅಲ್ಲ. ಲೀ ಫಾಕ್ 1936ರ ಫೆಬ್ರವರಿ 17ರಿಂದ ಇವನ್ನು ದಿನಪತ್ರಿಕೆಯ ಸ್ಟ್ರಿಪ್ ಆಗಿ ಬರೆದರು. ದಿನಕ್ಕೆ ಮೂರೋ ನಾಲ್ಕೋ ಚಿತ್ರದ ಚೌಕ. ಮೊದಲ ಚೌಕ ನಿನ್ನೆಯದನ್ನು ನೆನಪಿಸಬೇಕು, ಕೊನೆಯ ಚೌಕ ನಾಳೆಯವರೆಗೆ ಓದುಗನನ್ನು ಕಾಯಿಸಬೇಕು. ಪುಸ್ತಕ ಮಾಡುವಾಗ ನೆನಪಿಸುವ ಚೌಕಗಳನ್ನು ತೆಗೆಯುತ್ತಾರೆ, ಪುಟದ ಅಳತೆಗೆ ಉಳಿದವನ್ನು ಕತ್ತರಿಸುತ್ತಾರೆ. ಹಾಗಾಗಿ ಕತೆ ಎಲ್ಲೋ ದಿಢೀರನೆ ಹಾರಿದರೆ ಲೇಖಕರನ್ನು ದೂರುವ ಮೊದಲು ಸಂಪಾದಕರ ಕತ್ತರಿಯನ್ನು ನೆನೆಯಿರಿ. ಹೆಸರುಗಳೂ ಬದಲಾಗಿವೆ: ಮೂಲದ ಬಂಗಲ್ಲಾ ದೇಶ ಇಂದ್ರಜಾಲ್‌ನಲ್ಲಿ ಡೆಂಕಾಲಿ ಆಯಿತು.

ಎರಡನೆಯದಾಗಿ, ಚಿತ್ರ ಯಾರದು ಎಂದು ಗುರುತಿಸಿ. ಮೊದಲು ಬರೆದವರು ರೇ ಮೂರ್. ಅವರದು ನೆರಳು ತುಂಬಿದ, ರಾತ್ರಿಯ ಭಾವದ ಚಿತ್ರ. ಆಮೇಲೆ ಬಂದ ವಿಲ್ಸನ್ ಮೆಕಾಯ್ ಅವರದು ಸರಳ ಗೆರೆ, ಬಹುತೇಕ ಖಾಲಿ ಹಿನ್ನೆಲೆ. 1961ರಿಂದ 1994ರವರೆಗೆ ಬರೆದ ಸೈ ಬ್ಯಾರಿ ಅವರಲ್ಲಿ ಕಾಡಿನ ಎಲೆ ಎಲೆಯೂ ಕಾಣುತ್ತದೆ, ಸ್ನಾಯುಗಳು ಎದ್ದು ತೋರುತ್ತವೆ. ಮೆಕಾಯ್ ಚಿತ್ರ ‘ಮಕ್ಕಳು ಬಿಡಿಸಿದಂತಿದೆ’ ಎಂದು ತಳ್ಳಿಹಾಕುವವರು ಬಹಳ. ಆದರೆ ಪತ್ರಿಕೆಯಲ್ಲಿ ಚಿಕ್ಕದಾಗಿ ಅಚ್ಚಾದಾಗಲೂ ಯಾರು ಎಲ್ಲಿ ನಿಂತಿದ್ದಾರೆಂದು ಒಂದೇ ನೋಟಕ್ಕೆ ತಿಳಿಯುವುದು ಅವರ ಚೌಕಗಳಲ್ಲೇ. ನಮ್ಮ ಮಟ್ಟಿಗೆ ಅದು ದೊಡ್ಡ ಗುಣ. ಬಣ್ಣದ ಶ್ರೇಯಸ್ಸನ್ನು ಮಾತ್ರ ಚಿತ್ರಕಾರರಿಗೆ ಕೊಡಬೇಡಿ. ಫ್ಯಾಂಟಮ್ ಉಡುಪು ಅಮೆರಿಕದಲ್ಲಿ ನೇರಳೆ, ಇಟಲಿಯಲ್ಲಿ ಕೆಂಪು, ಸ್ವೀಡನ್‌ನಲ್ಲಿ ನೀಲಿ.

ಮೂರನೆಯದು ಒಂದು ಪರೀಕ್ಷೆ. ಯಾವುದಾದರೂ ಒಂದು ಪುಟದ ಮಾತಿನ ಗುಳ್ಳೆಗಳನ್ನೆಲ್ಲ ಕಾಗದದ ಚೂರುಗಳಿಂದ ಮುಚ್ಚಿ ಬರೀ ಚಿತ್ರ ನೋಡಿ. ಏನು ನಡೆಯುತ್ತಿದೆ ಎಂದು ತಿಳಿಯಿತೇ? ಈಗ ಚಿತ್ರ ಬಿಟ್ಟು ಬರೀ ಮಾತು ಓದಿ. ಚಿತ್ರದಲ್ಲಿ ಫ್ಯಾಂಟಮ್ ಬಾಗಿಲು ಒಡೆಯುತ್ತಿದ್ದು, ಗುಳ್ಳೆಯಲ್ಲೂ ‘ಬಾಗಿಲು ಒಡೆಯುತ್ತೇನೆ’ ಎಂದಿದ್ದರೆ ಆ ಚೌಕ ಸೋತಿದೆ. ಚಿತ್ರ ಒಂದು ಹೇಳಿ ಮಾತು ಅದಕ್ಕೆ ಇನ್ನೊಂದನ್ನು ಸೇರಿಸಿದ್ದರೆ ಗೆದ್ದಿದೆ. ಇಂಥ ಎರಡು ಚೌಕಗಳನ್ನು ಹೆಸರಿಸಿ ಬರೆದರೆ ಅರ್ಧ ವಿಮರ್ಶೆ ಅಲ್ಲೇ ಆಯಿತು.

ಇನ್ನೊಂದು ಮಾತನ್ನು ತಪ್ಪದೆ ಬರೆಯಿರಿ. ಕಾಡಿನ ಬುಡಕಟ್ಟುಗಳೆಲ್ಲ ತಲೆಮಾರುಗಟ್ಟಲೆ ಒಬ್ಬ ಬಿಳಿಯನಿಗೆ ತಲೆಬಾಗುವುದೇ ಈ ಕತೆಗಳ ಬುನಾದಿ. ಅದನ್ನು ಮುಚ್ಚಿಟ್ಟರೆ ನಿಮ್ಮ ಮೆಚ್ಚುಗೆಗೆ ತೂಕ ಬರುವುದಿಲ್ಲ.

ಪ್ರಶ್ನೆ: ಕನ್ನಡಕ್ಕೆ ಬಂದ ಕಾಮಿಕ್ಸ್‌ಗಳಲ್ಲಿ ಅಕ್ಷರ ಯಾಕೆ ಇಷ್ಟು ಸಣ್ಣ? ಮುದ್ರಣದ ದೋಷವೇ?
– ಗೋಣಿಕೊಪ್ಪಲಿನಿಂದ

ಉತ್ತರ: ಮುದ್ರಣದ್ದಲ್ಲ, ಗುಳ್ಳೆಯದು. ಗುಳ್ಳೆಗಳನ್ನು ಇಂಗ್ಲಿಷಿನ ದೊಡ್ಡಕ್ಷರಗಳ ಅಳತೆಗೆ ಬರೆದಿರುತ್ತಾರೆ. ಆ ಅಕ್ಷರಗಳಿಗೆ ಮೇಲೂ ಕೆಳಗೂ ಚಾಚು ಇಲ್ಲ, ಸಾಲುಗಳನ್ನು ಒತ್ತೊತ್ತಾಗಿ ಕೂರಿಸಬಹುದು. ಕನ್ನಡದಲ್ಲಿ ಮೇಲೆ ಗುಡಿಸು, ಕೆಳಗೆ ಒತ್ತು. ‘ರಾಷ್ಟ್ರ’ ಎಂದು ಬರೆದರೆ ಷಕಾರದ ಕೆಳಗಿನ ಒತ್ತುಗಳು ಮುಂದಿನ ಸಾಲಿನ ತಲೆಗೆ ತಾಗುತ್ತವೆ. ಸಾಲಿನ ನಡುವೆ ಜಾಗ ಬಿಟ್ಟರೆ ಗುಳ್ಳೆ ಸಾಲದು, ಬಿಡದಿದ್ದರೆ ಓದಲಾಗದು. ಕೊನೆಗೆ ಅಕ್ಷರವೇ ಸಣ್ಣದಾಗುತ್ತದೆ. ಒಳ್ಳೆಯ ಅನುವಾದಕರು ಇಲ್ಲಿ ಮಾತನ್ನೇ ಇಳಿಸುತ್ತಾರೆ. ‘ನೀನು ಇಲ್ಲಿಂದ ತಪ್ಪಿಸಿಕೊಂಡು ಹೋಗಲು ಸಾಧ್ಯವಿಲ್ಲ’ ಎಂಬಲ್ಲಿ ‘ಎಲ್ಲಿ ಓಡ್ತೀಯಾ?’ ಸಾಕು. ಸದ್ದಿನ ಪದಗಳನ್ನೂ ನೋಡಿ. ಅವು ಚಿತ್ರದೊಳಗೇ ಬೆರೆತಿರುವುದರಿಂದ ಎಷ್ಟೋ ಕಡೆ ಇಂಗ್ಲಿಷಿನಲ್ಲೇ ಉಳಿದಿರುತ್ತವೆ. ಧಡಾರ್, ಸುಂಯ್, ಟಪಕ್ಕನೆ ಎಂಬಂಥ ಪದಗಳಿರುವ ಭಾಷೆಗೆ ಅದು ನಿಜವಾದ ನಷ್ಟ.

ಪ್ರಶ್ನೆ: ಐನ್‌ಮನೆಯ ಅಟ್ಟದಲ್ಲಿ ಟ್ರಂಕಿನಲ್ಲಿದ್ದ ಕಾಮಿಕ್ಸ್‌ಗೆ ಬೂಷ್ಟು ಬಂದಿದೆ, ಪಿನ್ನು ತುಕ್ಕು ಹಿಡಿದಿದೆ, ಸಿಲ್ವರ್‌ಫಿಶ್ ಹುಳವೂ ಇದೆ. ಬಿಸಿಲಿಗೆ ಹಾಕಬಹುದೇ?
– ಭಾಗಮಂಡಲದಿಂದ

ಉತ್ತರ: ಬೇಡ. ಕಾಫಿಗೆ ಒಳ್ಳೆಯದಾದ ಕಣದ ಬಿಸಿಲು ನ್ಯೂಸ್‌ಪ್ರಿಂಟ್‌ಗೆ ವಿಷ. ಈ ಅಗ್ಗದ ಕಾಗದದಲ್ಲಿ ಮರದ ಲಿಗ್ನಿನ್ ಎಂಬ ಅಂಶ ಹಾಗೆಯೇ ಉಳಿದಿರುತ್ತದೆ. ಬೆಳಕು ಬಿದ್ದರೆ ಹಳದಿಯಾಗುತ್ತದೆ. ಶಾಯಿಯಲ್ಲಿ ಕೆಂಪು, ಹಳದಿ ಮೊದಲು ಮಾಸಿ ಪುಟವೆಲ್ಲ ನೀಲಿ-ಕಪ್ಪಾಗಿ ಉಳಿಯುತ್ತದೆ. ಒಲೆಯ ಮೇಲಿನ ಅಟ್ಟವೂ ಸರಿಯಲ್ಲ. ಅಲ್ಲಿ ತೇವ ಕಡಿಮೆ ಇದ್ದರೂ ಮಸಿ ಮತ್ತು ಶಾಖದಿಂದ ಕಾಗದ ಬೇಗ ಪುಡಿಯಾಗುತ್ತದೆ.

ಬೂಷ್ಟು ಹಸಿಯಾಗಿರುವಾಗ ಮುಟ್ಟಬೇಡಿ, ಒರೆಸಿದಷ್ಟೂ ಒಳಗಿಳಿಯುತ್ತದೆ. ನೆರಳಿನಲ್ಲಿ ಫ್ಯಾನ್ ಹಾಕಿ, ಗಾಳಿ ನೇರ ಪುಟಕ್ಕೆ ಬೀಸದಂತೆ ಒಣಗಿಸಿ. ಪುಡಿಯಾದ ಮೇಲೆ ಎನ್‌95 ಮಾಸ್ಕ್ ಹಾಕಿಕೊಂಡು ಮನೆಯ ಹೊರಗೆ, ಮೆತ್ತನೆ ಬ್ರಶ್‌ನಿಂದ ಬೆನ್ನಿನ ಕಡೆಯಿಂದ ಅಂಚಿನ ಕಡೆಗೆ ತಳ್ಳಿ. ಕಲೆ ಉಳಿಯುತ್ತದೆ, ಉಳಿಯಲಿ. ಫಿನಾಯಿಲ್, ಒದ್ದೆ ಬಟ್ಟೆ ಎರಡೂ ಬೇಡ.

ತುಕ್ಕು ಹಿಡಿದ ಪಿನ್ನಿನ ಕಾಲುಗಳನ್ನು ನಡುಪುಟದ ಕಡೆಯಿಂದ ಮೊಂಡು ಚಾಕುವಿನಲ್ಲಿ ಎತ್ತಿ ನೇರ ಮಾಡಿ, ಹೊರಗಿನಿಂದ ಎಳೆಯಿರಿ. ಅದೇ ತೂತುಗಳಲ್ಲಿ ಹತ್ತಿಯ ದಾರ ಹಾಯಿಸಿ ಕಟ್ಟಿ. ಹರಿದಲ್ಲಿ ಸೆಲೊಟೇಪ್ ಹಾಕಲೇಬೇಡಿ. ಕೆಲವು ವರ್ಷಗಳಲ್ಲಿ ಅಂಟು ಕಂದಾಗಿ ಕಾಗದದೊಳಗೆ ಇಳಿಯುತ್ತದೆ, ಆಮೇಲೆ ಬಿಡಿಸಲಾಗದು. ಲ್ಯಾಮಿನೇಷನ್ ಕೂಡ ಹಾಗೆಯೇ. ಒಂದು ಪಾಲು ಗೋಧಿ ಪಿಷ್ಟಕ್ಕೆ ಐದು ಪಾಲು ನೀರು ಸೇರಿಸಿ, ಸಣ್ಣ ಉರಿಯಲ್ಲಿ ಕಲಕುತ್ತಾ ಪಾರದರ್ಶಕವಾಗುವವರೆಗೆ ಬೇಯಿಸಿದ ಅಂಟು, ಮತ್ತು ತೆಳು ಜಪಾನಿ ಟಿಶ್ಯೂ ಕಾಗದ – ಇವೆರಡು ಸಾಕು. ನೀರು ಸವರಿದರೆ ಇದು ಬಿಟ್ಟುಕೊಳ್ಳುತ್ತದೆ, ಅದೇ ಇದರ ಲಾಭ.

ಹುಳಕ್ಕೆ ಚಳಿ ಮದ್ದು. ಎರಡು ಪದರ ಪಾಲಿಥೀನ್‌ನಲ್ಲಿ ಗಾಳಿ ತೆಗೆದು ಕಟ್ಟಿ, ಮೈನಸ್ 18 ಡಿಗ್ರಿಯ ಡೀಪ್ ಫ್ರೀಜರ್‌ನಲ್ಲಿ ಎರಡು ವಾರ ಇಡಿ. ತೆಗೆದ ಮೇಲೆ 24 ಗಂಟೆ ಬಿಚ್ಚಬೇಡಿ, ಬಿಚ್ಚಿದರೆ ಹೊರಗಿನ ತೇವವೆಲ್ಲ ಕಾಗದದ ಮೇಲೆ ನೀರಾಗುತ್ತದೆ. ಮಳೆಗಾಲದಲ್ಲಿ ಕರೆಂಟು ದಿನಗಟ್ಟಲೆ ಹೋಗುವ ಕಡೆ, ಹೋದರೆ ಎರಡು ವಾರದ ಲೆಕ್ಕ ಮತ್ತೆ ಮೊದಲಿನಿಂದ. ಇದರಿಂದ ಬೂಷ್ಟು ಸಾಯುವುದಿಲ್ಲ ಎಂಬುದು ನೆನಪಿರಲಿ.

ಆಮೇಲೆ ಪಾಲಿಪ್ರೊಪಿಲೀನ್ ಕವರು, ರಬ್ಬರ್ ಅಂಚಿನ ಬಿಗಿ ಮುಚ್ಚಳದ ಡಬ್ಬ. ಪಿವಿಸಿ ಕವರು ಬೇಡ, ಅದು ಶಾಯಿಗೆ ಅಂಟಿಕೊಳ್ಳುತ್ತದೆ. 20 ಲೀಟರ್ ಡಬ್ಬಕ್ಕೆ ತೇವ ಹೀರುವ 400 ಗ್ರಾಂ ಸಿಲಿಕಾ ಜೆಲ್ ಬಟ್ಟೆಯ ಚೀಲದಲ್ಲಿ ಹಾಕಿ, ಪಕ್ಕದಲ್ಲೊಂದು ಸಣ್ಣ ತೇವಮಾಪಕ ಇಡಿ. ಮುಳ್ಳು 65 ಶೇಕಡ ದಾಟಿದರೆ ಬೂಷ್ಟು ಮರಳುತ್ತದೆ, 50ರ ಆಸುಪಾಸು ಒಳ್ಳೆಯದು. ಸಿಲಿಕಾದ ಕಿತ್ತಳೆ ಬಣ್ಣದ ಕಾಳು ಹಸಿರಾದಾಗ 120 ಡಿಗ್ರಿ ಓವನ್‌ನಲ್ಲಿ ಎರಡು ಗಂಟೆ ಒಣಗಿಸಿ ಮತ್ತೆ ಬಳಸಿ. ಎಲ್ಲಕ್ಕಿಂತ ಮುಖ್ಯವಾದದ್ದು ಡಬ್ಬ ಮುಚ್ಚುವ ದಿನ. ಜುಲೈಯಲ್ಲಿ ಮುಚ್ಚಿದರೆ ಜುಲೈಯ ತೇವವನ್ನೇ ಒಳಗೆ ಬೀಗ ಹಾಕಿದಂತೆ. ಫೆಬ್ರವರಿಯಲ್ಲಿ, ಕಾಫಿ ಹೂವರಳಿಸುವ ಹೂಮಳೆ ಬರುವ ಮೊದಲು, ಒಣ ಮಧ್ಯಾಹ್ನ ಮುಚ್ಚಿ.

ಪ್ರಶ್ನೆ: ಹಳೆಯ ವೈಜ್ಞಾನಿಕ ಕತೆಗಳಲ್ಲಿ ಮಂಗಳದ ಮೇಲೆ ಕಾಲುವೆ, ಶುಕ್ರದ ಮೇಲೆ ಕಾಡು! ವಿಮರ್ಶೆ ಬರೆಯುವಾಗ ಇವನ್ನು ತಪ್ಪು ಎನ್ನಬೇಕೇ?
– ಪೊನ್ನಂಪೇಟೆಯ ವಿದ್ಯಾರ್ಥಿನಿ

ಉತ್ತರ: ಕತೆ ಮೊದಲು ಪ್ರಕಟವಾದ ವರ್ಷ ಹುಡುಕಮ್ಮ, ಮರುಮುದ್ರಣದ ವರ್ಷ ಅಲ್ಲ. ಮಂಗಳದ ಗೆರೆಗಳನ್ನು ಇಟಲಿಯ ಖಗೋಳಜ್ಞ ಸ್ಕಿಯಾಪರೆಲ್ಲಿ 1877ರಲ್ಲಿ ವಿವರಿಸಿದರು. ಅಲ್ಲಿರುವುದು ಕುಳಿಗಳು ಮತ್ತು ತೀರಾ ತೆಳು ಗಾಳಿ ಎಂದು ಮ್ಯಾರಿನರ್ 4 ನೌಕೆ ತೋರಿಸಿದ್ದು 1965ರ ಜುಲೈಯಲ್ಲಿ. ಶುಕ್ರ ಕುಲುಮೆಯಂತೆ ಸುಡುತ್ತದೆಂಬುದಕ್ಕೆ ಗಟ್ಟಿ ಪುರಾವೆ ಸಿಕ್ಕಿದ್ದು 1962ರ ಡಿಸೆಂಬರ್‌ನಲ್ಲಿ, ಮ್ಯಾರಿನರ್ 2 ಹಾದುಹೋದಾಗ. ಈ ವರ್ಷಗಳಿಗಿಂತ ಮೊದಲಿನ ಕಾಲುವೆ, ಕಾಡು ಆ ಕಾಲದ ಊಹೆ. ನಂತರದ್ದಾದರೆ ಲೇಖಕರನ್ನು ಕೇಳಬೇಕಾದ ಪ್ರಶ್ನೆ.

ಅಂದಿನ ವಿಜ್ಞಾನದಲ್ಲೇ ತಪ್ಪಾಗಿದ್ದುದು ಬೇರೆ ಜಾತಿ. 1865ರಲ್ಲಿ ಜೂಲ್ಸ್ ವರ್ನ್ ತಮ್ಮ ಕಾದಂಬರಿಯಲ್ಲಿ ಚಂದ್ರನತ್ತ ಮನುಷ್ಯರನ್ನು ಫಿರಂಗಿಯಿಂದ ಹಾರಿಸಿದರು. ನಳಿಕೆಯ ಉದ್ದ 900 ಅಡಿ, ವೇಗ ಸೆಕೆಂಡಿಗೆ 12,000 ಗಜ, ಅಂದರೆ ಸುಮಾರು 11 ಕಿ.ಮೀ. ವೇಗದ ಲೆಕ್ಕ ಬೆರಗು ಹುಟ್ಟಿಸುವಷ್ಟು ಸರಿ, ಭೂಮಿಯಿಂದ ಪಾರಾಗಲು ಬೇಕಾದದ್ದು 11.2. ಆದರೆ ವೇಗದ ವರ್ಗವನ್ನು ನಳಿಕೆಯ ಉದ್ದದ ಎರಡರಷ್ಟರಿಂದ ಭಾಗಿಸಿ ನೋಡು: ಗುರುತ್ವದ ಸುಮಾರು 22,000 ಪಟ್ಟು ಒತ್ತಡ! 60 ಕಿಲೋ ಮನುಷ್ಯನ ಮೇಲೆ 1,300 ಟನ್ ಭಾರ ಬಿದ್ದಂತೆ. ಒಳಗೆ ನೀರಿನ ಮೆತ್ತೆ ಇಟ್ಟರೂ ಉಳಿಯುವ ಮಾತಿಲ್ಲ. ಮೂರು ಪಟ್ಟಿಗೆ ಇಳಿಸಬೇಕೆಂದರೆ ನಳಿಕೆ ಸುಮಾರು 2,000 ಕಿ.ಮೀ. ಬೇಕು, ಮಡಿಕೇರಿಯಿಂದ ದೆಹಲಿಯನ್ನೂ ದಾಟುವಷ್ಟು. ಈ ಲೆಕ್ಕಕ್ಕೆ ಬೇಕಾದ ನ್ಯೂಟನ್ ನಿಯಮ ವರ್ನ್ ಕಾಲದಲ್ಲೂ ಇತ್ತು. ಇದನ್ನು ತಪ್ಪೆಂದು ಧೈರ್ಯವಾಗಿ ಬರಿ. ಇಷ್ಟಾದರೂ ಸಂಖ್ಯೆ ಹಿಡಿದು ಕತೆ ಕಟ್ಟುವ ಅವರ ಹುರುಪು ಇಂದಿಗೂ ಮಾಸಿಲ್ಲ, ಅದನ್ನೂ ಬರಿ. ಕನ್ನಡದಲ್ಲಿ ಈ ಪ್ರಕಾರಕ್ಕೆ ಹಾದಿ ಹಾಕಿದ ರಾಜಶೇಖರ ಭೂಸನೂರಮಠರನ್ನು ಓದುವಾಗಲೂ ಇದೇ ಎರಡು ಪ್ರಶ್ನೆ ಕೇಳಿಕೋ: ಇದು ಆ ಕಾಲದ ಊಹೆಯೇ, ಅಂದಿನ ವಿಜ್ಞಾನದಲ್ಲೇ ತಪ್ಪೇ.

ಪ್ರಶ್ನೆ: ಅಮರ ಚಿತ್ರ ಕಥೆ ಮೊದಲು ಬಂದದ್ದು ಕನ್ನಡದಲ್ಲಂತೆ, ನಿಜವೇ?
– ಕುಶಾಲನಗರದಿಂದ

ಉತ್ತರ: ಹೌದು, 1965ರಲ್ಲಿ. ಆದರೆ ಅವು ಪಾಶ್ಚಾತ್ಯ ಕಿನ್ನರ ಕತೆಗಳ ಕನ್ನಡ ರೂಪ. ಅನಂತ ಪೈ ಅವರ ಪುರಾಣ ಕತೆಗಳ ಸಾಲು ಆಮೇಲಿನದು. ಇಂಗ್ಲಿಷ್ ಸಾಲಿನಲ್ಲಿ ‘ಕೃಷ್ಣ’ದ ಸಂಖ್ಯೆ 11 ಆಗಿರುವುದು ಅದಕ್ಕೇ, ಮೊದಲ ಹತ್ತು ಸಂಖ್ಯೆ ಆ ಕಿನ್ನರ ಕತೆಗಳಿಗೆ ಹೋಗಿವೆ.

ಪ್ರಶ್ನೆ: ಕೆಲವು ಟಾಮ್ ಅಂಡ್ ಜೆರ್ರಿ ಚಿತ್ರಗಳು ಬೇರೆಯೇ ಥರ, ಸದ್ದೂ ವಿಚಿತ್ರ. ಯಾಕೆ?
– ಸೋಮವಾರಪೇಟೆಯಿಂದ

ಉತ್ತರ: ಮಾಡಿದವರು ಬೇರೆ. 1940ರಿಂದ 1958ರವರೆಗಿನ 114 ಚಿತ್ರಗಳು ಹ್ಯಾನಾ ಮತ್ತು ಬಾರ್ಬೆರಾ ಅವರದು. ಏಳು ಆಸ್ಕರ್ ಬಂದದ್ದು ಇವಕ್ಕೆ. ನೀವು ಹೇಳುವ ವಿಚಿತ್ರ ಸದ್ದಿನ 13 ಚಿತ್ರಗಳನ್ನು 1961–62ರಲ್ಲಿ ಜೀನ್ ಡೈಚ್ ಪ್ರಾಗ್ ನಗರದಲ್ಲಿ ಕಡಿಮೆ ಹಣದಲ್ಲಿ ಮಾಡಿದರು. ಮುಂದಿನ 34, ಚಕ್ ಜೋನ್ಸ್ ಅವರವು. ಟಾಮ್‌ಗೆ ದಪ್ಪ ಹುಬ್ಬು, ಜೆರ್ರಿಗೆ ದೊಡ್ಡ ಕಿವಿ ಕಂಡರೆ ಅವೇ. ವ್ಯತ್ಯಾಸ ಸ್ಪಷ್ಟವಾಗಬೇಕೆಂದರೆ ಓಡುವ ದೃಶ್ಯವೊಂದನ್ನು ಫ್ರೇಮ್ ಫ್ರೇಮ್ ಆಗಿ ಸರಿಸಿ ನೋಡಿ. ಸೆಕೆಂಡಿಗೆ 24 ಫ್ರೇಮ್. ಹ್ಯಾನಾ-ಬಾರ್ಬೆರಾ ಅವರ ಟಾಮ್ ಗೋಡೆಗೆ ಬಡಿಯುವ ಮುಂಚೆ ಹಿಂದಕ್ಕೆ ಬಾಗಿ, ಉಸಿರು ಕಟ್ಟಿ, ಆಮೇಲೆ ನುಗ್ಗುತ್ತಾನೆ. ಪ್ರಾಗ್‌ನ ಟಾಮ್‌ನಲ್ಲಿ ಎಷ್ಟೋ ಕಡೆ ಆ ನಡುವಿನ ಭಂಗಿಗಳೇ ಸಿಗುವುದಿಲ್ಲ, ನೇರ ಗೋಡೆಗೆ.