ಕಾರ್ಯಾಗಾರ ಪ್ರಶ್ನೋತ್ತರ: ಹಳೆಯ ಪ್ಯಾಂಟೋಗ್ರಾಫ್, ಹೊಸ ನೇಮ್‌ಪ್ಲೇಟ್

ಪ್ರಶ್ನೆ: ನೇಮ್‌ಪ್ಲೇಟ್ ಅಂಗಡಿಗೆಂದು ಕೈಯಲ್ಲೇ ನಡೆಸುವ ಹಳೆಯ ಪ್ಯಾಂಟೋಗ್ರಾಫ್ ಯಂತ್ರ ಕೊಂಡಿದ್ದೇನೆ. ಸೊನ್ನೆ ಕೊರೆದರೆ ಮೊಟ್ಟೆಯಾಗುತ್ತದೆ. ಶುರುವಾದ ಜಾಗಕ್ಕೆ ಕೊನೆ ಬಂದು ಸೇರುವುದೂ ಇಲ್ಲ. ಏನು ಸರಿ ಮಾಡಿಸಬೇಕು? – ಓದುಗರು, ಹುಬ್ಬಳ್ಳಿ

ಉತ್ತರ: ಪ್ಯಾಂಟೋಗ್ರಾಫ್‌ನಲ್ಲಿ ಸ್ಟೈಲಸ್ ಎಂಬ ಮೊನೆಯನ್ನು ಅಚ್ಚಿನ ಅಕ್ಷರದ ಮೇಲೆ ಓಡಿಸಿದಂತೆ, ಕೀಲುತೋಳುಗಳಿಗೆ ಜೋಡಿಸಿದ ಕಟರ್ ಅದನ್ನೇ ಚಿಕ್ಕದಾಗಿ ಕೊರೆಯುತ್ತದೆ. ನೀವು ಹೇಳಿದ್ದು ಎರಡು ಬೇರೆ ದೋಷಗಳು. ಮೊಟ್ಟೆಯಾಗುವುದು ಅನುಪಾತ ತಪ್ಪಿದ್ದರಿಂದ. ಎರಡೂ ತೋಳುಗಳ ಮೇಲೆ ಅಳತೆಯ ಗೀರುಗಳಿರುತ್ತವೆ, ಎರಡನ್ನೂ ಒಂದೇ ಅಂಕಿಗೆ ಕೂರಿಸಬೇಕು. ಒಂದು ತುಸು ಆಚೀಚೆಯಾದರೂ ಸ್ಥಿರ ಕೀಲು, ಕಟರ್, ಸ್ಟೈಲಸ್ ಈ ಮೂರೂ ಒಂದೇ ಗೆರೆಯಲ್ಲಿ ನಿಲ್ಲುವುದಿಲ್ಲ. 30 ಮಿ.ಮೀ. ಚೌಕದ ಅಚ್ಚನ್ನು 3:1ರಲ್ಲಿ ಪ್ಲಾಸ್ಟಿಕ್ ಚೂರಿನ ಮೇಲೆ ಕೊರೆದು ಅಳೆಯಿರಿ. ಗೀರಿನ ಮಧ್ಯದಿಂದ ಮಧ್ಯಕ್ಕೆ ಬದಿ 10, ಎರಡೂ ಕರ್ಣ 14.14 ಮಿ.ಮೀ. ಬರಬೇಕು. ಕರ್ಣಗಳು ಹೊಂದದಿದ್ದರೆ ತೋಳಿನ ಮೇಲಿನ ಹಳೆಯ ಗೀರನ್ನು ನಂಬಬೇಡಿ. ಒಂದೇ ತೋಳನ್ನು ಚೂರುಚೂರೇ ಸರಿಸುತ್ತಾ ಮತ್ತೆ ಮತ್ತೆ ಕೊರೆದು ನೋಡಿ, ಸರಿ ಬಂದಲ್ಲಿ ನಿಮ್ಮದೇ ಗುರುತು ಹಾಕಿಕೊಳ್ಳಿ.

ತುದಿ ಸೇರದಿರುವುದು ಸಡಿಲದಿಂದ. ಮೋಟರ್ ನಿಲ್ಲಿಸಿ, ಸ್ಟೈಲಸ್ಸನ್ನು ಅಚ್ಚಿನ ಕುಳಿಯಲ್ಲಿ ಬಿಗಿಯಾಗಿ ಒತ್ತಿ ಹಿಡಿದು, ಇನ್ನೊಂದು ಕೈಯಿಂದ ಸ್ಪಿಂಡಲ್ (ಕಟರನ್ನು ತಿರುಗಿಸುವ ದಂಡ) ತಲೆಯನ್ನು ಅಲುಗಿಸಿ. ಕಟ್ ಎಂಬ ಸದ್ದು ಯಾವ ಕೀಲಿನಲ್ಲಿ ಕೈಗೆ ತಾಗುತ್ತದೋ ಅದನ್ನು ಬಿಗಿಮಾಡಿ, ಇಲ್ಲವೇ ಬೇರಿಂಗ್ ಬದಲಿಸಿ. ಬೇರಿಂಗ್ ಮೇಲಿನ ನಂಬರ್ ನೋಡಿದರೆ ಅದೇ ಅಳತೆಯದು ಅಂಗಡಿಯಲ್ಲಿ ಸಿಗುತ್ತದೆ. ಸ್ಟೈಲಸ್ ಮೊನೆ ಸವೆದಿದ್ದರೂ, ಅಚ್ಚು ಹಿಡಿಕೆಯಲ್ಲಿ ಅಲ್ಲಾಡುತ್ತಿದ್ದರೂ ಇದೇ ಲಕ್ಷಣ ಕಾಣುತ್ತದೆ. ಖರ್ಚಿಲ್ಲದ ಇವೆರಡನ್ನು ಮೊದಲು ನೋಡಿಕೊಳ್ಳಿ.

ಪ್ರಶ್ನೆ: ಹಿತ್ತಾಳೆಯಲ್ಲಿ ಅಕ್ಷರದ ಅಂಚು ಒರಟಾಗಿ ಬರ್ (ಲೋಹದ ಸಣ್ಣ ಮುಳ್ಳು) ಏಳುತ್ತದೆ. ಕಟರ್ ಮೊನೆ ಮುರಿಯುತ್ತಲೇ ಇರುತ್ತದೆ. – ಓದುಗರು, ದಾವಣಗೆರೆ

ಉತ್ತರ: ಯಂತ್ರವನ್ನು ದೂರುವ ಮೊದಲು 10 ಪಟ್ಟು ಹಿಗ್ಗಿಸುವ ಮಸೂರದಲ್ಲಿ ಕಟರ್ ನೋಡಿ. ಅಂಚಿನುದ್ದಕ್ಕೂ ಬಿಳಿ ಗೆರೆ ಮಿನುಗಿದರೆ ಅದು ಮೊಂಡು. ಹರಿತವಾದ ಅಂಚು ಬೆಳಕನ್ನು ಹಿಂದಿರುಗಿಸುವುದಿಲ್ಲ. ಈ ಕಸುಬಿನ ಅರ್ಧ ಭಾಗ ಸಾಣೆಯಲ್ಲೇ ಇದೆ.

ಕಟರ್ ತುದಿಯನ್ನು ಉದ್ದಕ್ಕೆ ಸರಿಯಾಗಿ ಅರ್ಧ ಮಾಡಬೇಕು: 4 ಮಿ.ಮೀ. ಕಡ್ಡಿಯಾದರೆ ಮೈಕ್ರೋಮೀಟರ್ 2.00 ತೋರಿಸಬೇಕು. ಅದಕ್ಕಿಂತ ದಪ್ಪ ಉಳಿದರೆ ಕಟರ್ ಕತ್ತರಿಸುವುದಿಲ್ಲ, ಉಜ್ಜುತ್ತದೆ. ಬರ್ ಏಳುವುದು ಅಲ್ಲಿಂದಲೇ. ಆಮೇಲೆ ಒಟ್ಟು 60 ಡಿಗ್ರಿಯ ಶಂಕು, ಹಿಂಬದಿಗೆ ಇಳಿಜಾರು, ಕೊನೆಗೆ ಮೊನೆಯನ್ನು ಚಪ್ಪಟೆ ಮಾಡುವುದು. ಸೂಜಿಯಂತೆ ಬಿಟ್ಟ ಮೊನೆ ಮೊದಲ ಅಕ್ಷರಕ್ಕೇ ಮುರಿಯುತ್ತದೆ. ಕಾರ್ಬೈಡ್ ಕಟರಿಗೆ ಡೈಮಂಡ್ ಚಕ್ರ ಬೇಕು, ಸಾಮಾನ್ಯ ಸಾಣೆಕಲ್ಲು ಆಗದು. ಗೀರಿನ ತಳ 0.25 ಮಿ.ಮೀ. ಇದ್ದು 0.3 ಆಳ ಕೊರೆದರೆ ಮೇಲ್ಮೈಯಲ್ಲಿ ಅಗಲ ಸುಮಾರು 0.6 ಆಗುತ್ತದೆ. ಇದನ್ನು ಮೊದಲೇ ಲೆಕ್ಕ ಹಾಕಿಕೊಳ್ಳಿ.

ಆ 0.3 ಆಳವನ್ನು ಒಂದೇ ಸಲಕ್ಕೆ ಇಳಿಸಬೇಡಿ. 0.15ರಂತೆ ಎರಡು ಸುತ್ತು ಮಾಡಿ, ಎರಡನೆಯದನ್ನು ಹಿಮ್ಮುಖವಾಗಿ ಎಳೆಯಿರಿ. ಗೀರಿನ ಒಂದು ಬದಿಯಲ್ಲಿ ಕಟರ್ ಲೋಹವನ್ನು ಎದುರಿಸಿ ತಿರುಗುತ್ತದೆ, ಇನ್ನೊಂದು ಬದಿಯಲ್ಲಿ ಜೊತೆಗೇ ಓಡುತ್ತದೆ. ಹಾಗಾಗಿ ಒಂದು ಬದಿಗೆ ಬರ್ ಹೆಚ್ಚು. ತಿರುಗಿ ಬಂದಾಗ ಅದು ಸವರಿಹೋಗುತ್ತದೆ.

ತಗಡನ್ನೂ ವಿಚಾರಿಸಿ. ಶೇ 63 ತಾಮ್ರ, ಶೇ 37 ಸತುವಿನ ಮಾಮೂಲಿ ಶೀಟು ಬಗ್ಗಿಸಲು ಚೆನ್ನ, ಕೊರೆಯಲು ಜಿಗುಟು. ತುಸು ಸೀಸ ಬೆರೆತ ‘ಎನ್‌ಗ್ರೇವಿಂಗ್ ಬ್ರಾಸ್’ ಎಂದೇ ಕೇಳಿ ತನ್ನಿ. ತಗಡಿನ ಮಧ್ಯಭಾಗ ಉಬ್ಬಿ ಅಲುಗಿದರೂ ಮೊನೆ ಹೋಗುತ್ತದೆ. ಪೂರ್ತಿ ಹಿಂಬದಿಗೆ ಎರಡೂ ಮುಖಕ್ಕೆ ಅಂಟಿರುವ ಟೇಪ್ ಹಾಕಿ ಕೂರಿಸಿ.

ಪ್ರಶ್ನೆ: ಯಂತ್ರದ ಜೊತೆ ಬಂದದ್ದು ಇಂಗ್ಲಿಷ್ ಅಚ್ಚು ಮಾತ್ರ. ಕನ್ನಡಕ್ಕೆ ಏನು ದಾರಿ? – ಓದುಗರು, ತುಮಕೂರು

ಉತ್ತರ: ನೀವೇ ಮಾಡಿಸಿಕೊಳ್ಳಬಹುದು. 3 ಮಿ.ಮೀ. ಅಕ್ರಿಲಿಕ್ ಹಾಳೆಯಲ್ಲಿ ಸ್ಟೈಲಸ್ ಕೂರುವಷ್ಟು ಅಗಲದ ಗೀರನ್ನು ಲೇಸರ್‌ನಿಂದ ಕೊರೆಸಿ. ಕಂಪ್ಯೂಟರಿನ ಮಾಮೂಲಿ ಅಕ್ಷರಶೈಲಿ ಕೊಟ್ಟರೆ ಹೊರಅಂಚು ಬಂದು ಎರಡೆರಡು ಗೆರೆಯಾಗುತ್ತದೆ. ಒಂಟಿಗೆರೆಯಲ್ಲಿ ಬರೆಸಿ ಕೊಡಿ. ಒತ್ತಕ್ಷರವನ್ನು ಬೇರೆ ತುಂಡು ಮಾಡಬೇಡಿ. ‘ಲಕ್ಷ್ಮಿ’ಯ ‘ಕ್ಷ್ಮಿ’ ಒಂದೇ ಬಿಲ್ಲೆಯಲ್ಲಿರಲಿ, ಇಲ್ಲವಾದರೆ ಒತ್ತು ಪ್ರತಿ ಸಲವೂ ಒಂದೊಂದು ಕಡೆ ಬೀಳುತ್ತದೆ. ಇಂಗ್ಲಿಷ್ ಲೆಕ್ಕದಲ್ಲಿ ಸಾಲಿನ ಅಂತರ ಬಿಟ್ಟರೆ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ಬಡಿಯುತ್ತದೆ. ಅಕ್ಷರ 10 ಮಿ.ಮೀ. ಇದ್ದರೆ ಕೆಳಗೆ ಇನ್ನೂ 6 ಮಿ.ಮೀ. ಒತ್ತಿಗೇ ಮೀಸಲಿಡಿ. 5 ಮಿ.ಮೀ. ಅಕ್ಷರಕ್ಕೆ ಗೀರಿನ ಅಗಲ 0.3 ದಾಟಬಾರದು. ದಾಟಿದರೆ ‘ಥ’ದ ಚುಕ್ಕೆ ಮುಚ್ಚಿ, ‘ಷ’ದ ಒಳಗೆರೆ ಕೂಡಿಕೊಂಡು, ಊರಿನವರ ಹೆಸರೇ ತಪ್ಪಾಗಿ ಓದಿಸಿಕೊಳ್ಳುತ್ತದೆ. ಗಿರಾಕಿಯ ಹೆಸರಿನ ಕಾಗುಣಿತವನ್ನು ಅವರ ಕೈಯಲ್ಲೇ ಬರೆಸಿಕೊಳ್ಳಿ.

ಪ್ರಶ್ನೆ: ಇದೇ ಯಂತ್ರದಲ್ಲಿ ಸ್ಟೀಲ್ ಪಾತ್ರೆಗೆ ಹೆಸರು ಹಾಕಬಹುದೇ? – ಓದುಗರು, ಶಿವಮೊಗ್ಗ

ಉತ್ತರ: ತಟ್ಟೆಯ ಸಮತಟ್ಟಾದ ತಳಕ್ಕೆ ಹಾಕಬಹುದು. ಬೆಲ್ಟ್ ಬಿಚ್ಚಿ, ಸ್ಪಿಂಡಲ್ ತಿರುಗದಂತೆ ಮಾಡಿ, ಸ್ಪ್ರಿಂಗ್ ಇರುವ ಡೈಮಂಡ್ ಮೊನೆ ಹಾಕಿ ಎಳೆಯಿರಿ. ಉಬ್ಬು ಹೊಟ್ಟೆಯ ಬಿಂದಿಗೆಗೆ ಪಾತ್ರೆ ಅಂಗಡಿಯವರು ಬಳಸುವ ಕಂಪಿಸುವ ಪೆನ್ನೇ ಸರಿ. ನೇರ ಬದಿಯ ಲೋಟವಾದರೆ ಹೆಸರನ್ನು ಸುತ್ತಲೂ ಬರೆಯಬೇಡಿ. 70 ಮಿ.ಮೀ. ವ್ಯಾಸದ ಲೋಟದಲ್ಲಿ 20 ಮಿ.ಮೀ. ಉದ್ದದ ಹೆಸರಿನ ಎರಡು ತುದಿಗಳೂ ನಡುವಿಗಿಂತ ಸುಮಾರು 1.5 ಮಿ.ಮೀ. ತಗ್ಗಿನಲ್ಲಿರುತ್ತವೆ, ಅಲ್ಲಿ ಸ್ಪ್ರಿಂಗಿನ ಒತ್ತಡ ಕಡಿಮೆಯಾಗಿ ಗೀರು ತೆಳುವಾಗುತ್ತದೆ. ಲೋಟವನ್ನು ಮಲಗಿಸಿ ಬಾಯಿಯಿಂದ ತಳದ ಕಡೆಗೆ ಉದ್ದಕ್ಕೆ ಬರೆದರೆ, 6 ಮಿ.ಮೀ. ಅಕ್ಷರಕ್ಕೆ ತಗ್ಗು 0.13 ಮಾತ್ರ. ಒಳಗೆ ಮರದ ಗುಂಡು ತುಂಬಿ, ವಿ-ಬ್ಲಾಕಿನ (ದುಂಡು ವಸ್ತು ಉರುಳದಂತೆ ಹಿಡಿಯುವ V ಆಕಾರದ ಕುಳಿಯ ಅಡ್ಡೆ) ಮೇಲೆ ಕೂರಿಸಿ.